ಬೆಲೆ ತೆತ್ತ ಅತಿಥಿ

ಹಣವನ್ನು ಪಡೆದು ಮಾಡುವ ಸತ್ಕಾರವು ಆತಿಥ್ಯವೆನಿಸೀತೆ? ತಾಯಿ, ತಂದೆ, ಆಚಾರ್ಯರ ಸಾಲಿನಲ್ಲಿಯೇ ಅತಿಥಿಯನ್ನೂ ದೇವರೆಂದು ಭಾವಿಸತಕ್ಕದ್ದೆಂದು ತೈತ್ತಿರೀಯದ ಶೀಕ್ಷಾವಲ್ಲಿಯು ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಉಪದೇಶಿಸುತ್ತದೆ. ಕಠೋಪನಿಷತ್ತಿನಲ್ಲಿಯಾದರೋ ಮೂರು ರಾತ್ರಿ ಅನ್ನವಿಲ್ಲದೆ ಕಾದ ಬಾಲಕ ನಚಿಕೇತನ ಮುಂದೆ ಸಾಕ್ಷಾತ್ ಯಮನೇ ತಪ್ಪಿತಸ್ಥನಂತೆ ನಿಂತು, ರಾತ್ರಿಗೊಂದರಂತೆ ಮೂರು ವರಗಳನ್ನಿತ್ತು ಋಣಮುಕ್ತನಾಗುತ್ತಾನೆ. ಆ ಋಷಿಗಳ ಕಣ್ಣ ಮುಂದಿದ್ದುದು ಗೃಹಸ್ಥನ ಮನೆ. ಕೋಣೆಯೊಂದಕ್ಕೆ ದಿನಕ್ಕೆ ಇಂತಿಷ್ಟೆಂದು ದರ ಗೊತ್ತುಮಾಡಿದ ಮಹಾಸೌಧವಲ್ಲ. ಆದರೂ ತೈತ್ತಿರೀಯದ ಆ ಮಾತೇ ಇಂದು ನಮ್ಮ ದೇಶದ ಪ್ರವಾಸೋದ್ಯಮದ ಘೋಷವಾಕ್ಯವಾಗಿದೆ. ಇದರಿಂದ ಆ ಮಾತಿನ ತೂಕ ಕಡಿಮೆಯಾಯಿತೆಂದು ಕೆಲವರು ನೊಂದುಕೊಳ್ಳುವುದುಂಟು. ನನಗೆ ಹಾಗೆನಿಸದು. ಆ ಮಾತನ್ನು ಬಳಸಿಕೊಂಡವರು ಅದಕ್ಕೆ ಉತ್ತರವಾದಿಗಳೂ ಆದರೆಂದೇ ನಾನು ಭಾವಿಸುತ್ತೇನೆ.

ಮದರಾಸು ಎಂಬ ಹೆಸರನ್ನು ಕಳಚಿ ಚೆನ್ನೈ ಆದ ಪಟ್ಟಣವು ಈ ವಿಚಾರಕ್ಕೆ ಬಹಳ ಅನುಕೂಲವಾದ ಸ್ಥಳ. ಹಿಂದೆ ಮೌಂಟ್ ರೋಡ್ ಎನಿಸಿ ಈಗ ಅಣ್ಣಾ ಸಾಲೈ ಆಗಿರುವ ದಾರಿಯ ಮಗ್ಗುಲಲ್ಲಿ, 1854ರಲ್ಲಿ ಇಂಪೀರಿಯಲ್ ಎಂಬ ಹೆಸರಿನಿಂದ ಆರಂಭವಾಗಿ, ಆಮೇಲೆ ಆಲ್ಬನಿಯೆನಿಸಿ, 1890ರಲ್ಲಿ ಆಗಿನ ಗವರ್ನರನ ಬಿರುದನ್ನು ತಳೆದ ಕನ್ನೆಮಾರಾ ಹೋಟೆಲು ಇದೆ; 1930ರ ದಶಕದಲ್ಲಿ ಅದಕ್ಕೆ ಹೊಸ ಕಟ್ಟಡವಾಯಿತು, 1970ರ ದಶಕದಲ್ಲಿ ಸಿಂಹಳದ ಪ್ರಖ್ಯಾತ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅದನ್ನು ತಿದ್ದಿದನು. ಅದೇ ಹೆದ್ದಾರಿ ಗಿಂಡಿಯನ್ನು ಮುಟ್ಟುವಲ್ಲಿ, ರಾಜರಾಜನು 1010ರಲ್ಲಿ ಪೂರೈಸಿದ ತಂಜಾವೂರಿನ ಬೃಹದೀಶ್ವರಾಲಯವನ್ನು ನೆನಪಿಗೆ ತರುವಂತೆ ಕಂಬಗಳನ್ನು ಕಡೆಸಿ ನಿಲ್ಲಿಸಿದ, ಆರುನೂರು ಕೋಣೆಗಳ ಗ್ರ್ಯಾಂಡ್ ಚೋಳ 2012ರಲ್ಲಿ ಬಾಗಿಲು ತೆರೆಯಿತು. ಇವುಗಳ ಅಮೃತಶಿಲೆಯನ್ನೂ ದೀಪಗುಚ್ಛಗಳನ್ನೂ ಕುರಿತು ಬರೆಯುವವರು ಅನೇಕರಿದ್ದಾರೆ. ಕಲ್ಲನ್ನಾದರೋ ಹಣವಿದ್ದ ಯಾರು ಬೇಕಾದರೂ ತರಿಸಬಹುದು. ಇಂಥ ಹೋಟೆಲನ್ನು ಇತರ ಹೋಟೆಲುಗಳಿಂದ ಪ್ರತ್ಯೇಕಿಸುವ ಗುಣವು ಬೇರೆಯೇ ಒಂದುಂಟು: ಅದು ಬಂದವನನ್ನು ಬಲ್ಲದು. ಅವನ ಹೆಸರು, ಅವನಿಗೆ ಹಿಡಿಸುವ ದಿಂಬು, ಅವನು ಕಾಫಿಗೆ ಸಕ್ಕರೆ ಹಾಕಿಸಿಕೊಳ್ಳುವನೋ ಇಲ್ಲವೋ ಎಂಬುದು, ಹಿಂದಿನ ಸಲ ಅವನು ಸಮುದ್ರದ ಕಡೆಯ ಕಿಟಕಿಯನ್ನು ಬಯಸಿದ್ದನೆಂಬುದು, ಇವೆಲ್ಲ ಅವನು ಕಾರಿನಿಂದ ಇಳಿಯುವ ಮೊದಲೇ ಅಲ್ಲಿಯವರಿಗೆ ತಿಳಿದಿರುತ್ತವೆ.

ಹಳೆಯ ಧರ್ಮವು ಇದಕ್ಕೆ ವಿಪರೀತವಾದ ದಾರಿಯನ್ನು ಹಿಡಿದಿತ್ತು. ಅದರ ಹೆಗ್ಗಳಿಕೆಯು ಕೇಳದಿರುವುದರಲ್ಲಿತ್ತು. ಊಟದಾಸೆಯಿಂದ ತನ್ನ ಕುಲಗೋತ್ರಗಳನ್ನು ಹೇಳಿಕೊಳ್ಳುವವನನ್ನು ಮನುಸ್ಮೃತಿಯು ಕಟುವಾಗಿ ನಿಂದಿಸುತ್ತದೆ. ಗ್ರೀಕರ ಹೋಮರನ ಕಾವ್ಯದಲ್ಲಿ ವೃದ್ಧರಾಜನಾದ ನೆಸ್ಟರನು ತನ್ನ ತೀರಕ್ಕೆ ಬಂದಿಳಿದ ತರುಣ ತೆಲೆಮಾಕಸನನ್ನು ಕೂರಿಸಿ ಉಣಿಸಿ, ಅವನು ತೃಪ್ತನಾದ ಬಳಿಕವೇ ನೀನು ಯಾರೆಂದು ಕೇಳುತ್ತಾನೆ. ಹಸಿದವನು ತನ್ನ ಪರಿಚಯವನ್ನು ಒತ್ತೆಯಿಟ್ಟು ಅನ್ನವನ್ನು ಕೊಳ್ಳುವಂತಾಗಬಾರದೆಂಬ ಸೂಕ್ಷ್ಮವು ಎರಡು ದೇಶಗಳಿಗೂ ಹೊಳೆದಿತ್ತು. ಆದರೆ ಅದೇ ಮನುಸ್ಮೃತಿಯು ಅಭ್ಯಾಗತರನ್ನು ವರ್ಣಾನುಸಾರವಾಗಿ ವಿಂಗಡಿಸಿ, ಯಾರಿಗೆ ಯಾರ ಜೊತೆಗೆ ಯಾವಾಗ ಬಡಿಸಬೇಕೆಂದೂ ವಿಧಿಸುತ್ತದೆಯೆಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಾಗದು. ಕುಲವನ್ನು ಕೇಳಬಾರದೆಂದ ಧರ್ಮವು ಕೇಳದೆಯೇ ಕುಲವನ್ನು ಗುರುತಿಸುತ್ತಿತ್ತು.

ಇಲ್ಲಿಯೇ ನಮ್ಮ ಉಡುಪಿಯವರ ಕಥೆ ಅಡ್ಡಬರುತ್ತದೆ, ಮತ್ತು ಅದನ್ನು ಅವಸರದಿಂದ ದಾಟಿಹೋಗಲು ನನಗೆ ಮನಸ್ಸಿಲ್ಲ. ದಕ್ಷಿಣ ಕನ್ನಡದ ಕಡಂದಲೆಯ ಬಡ ಕುಟುಂಬದಿಂದ ಮದರಾಸಿಗೆ ಬಂದು, ಅಡುಗೆಮನೆಯ ಆಳಾಗಿ ಮೊದಲುಗೊಂಡ ಕೃಷ್ಣರಾಯರು, 1930ರ ದಶಕದ ಕೊನೆಯ ವೇಳೆಗೆ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯನ್ನು ಹಿಡಿದು ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ದಾಸಪ್ರಕಾಶದ ಸೀತಾರಾಮರಾಯರು ಪೂನಮಲ್ಲಿ ಹೈರೋಡಿನಲ್ಲಿ ತಮ್ಮ ಭವ್ಯವಾದ ಕಟ್ಟಡವನ್ನೆಬ್ಬಿಸಿದರು. ಮದ್ಯಮಾಂಸಗಳ ಸೋಂಕಿಲ್ಲದೆಯೂ ಒಂದು ಹೋಟೆಲು ದೊಡ್ಡ ಹೋಟೆಲಾಗಬಹುದೆಂಬುದನ್ನು ದಕ್ಷಿಣ ದೇಶಕ್ಕೆ ತೋರಿಸಿಕೊಟ್ಟವರ ಮುಂಚೂಣಿಯಲ್ಲಿ ನಮ್ಮ ಕರಾವಳಿಯ ಈ ಅಡುಗೆಯವರಿದ್ದರು. ಅವರ ಪಾಕದ ಶುಚಿಯೂ ರುಚಿಯೂ ಕೃಷ್ಣಮಠದ ಪರಿಸರದಲ್ಲಿ ಬೆಳೆದುವು. ಆ ಮಠದ ಗೋಡೆಯಲ್ಲಿಯೇ ಕನಕನ ಕಿಂಡಿಯೂ ಇದೆ. ಬಾಗಿಲ ಹೊರಗೆ ನಿಂತವನ ಪ್ರಶ್ನೆಯು ಹೋಟೆಲುಗಳನ್ನೂ ಬಿಡಲಿಲ್ಲ. ಮದರಾಸಿನ ಎಷ್ಟೋ ಭೋಜನಶಾಲೆಗಳ ಮೇಲೆ ‘ಬ್ರಾಹ್ಮಣರ ಹೋಟೆಲು’ ಎಂಬ ಫಲಕವಿದ್ದಿತು. 1957ರಲ್ಲಿ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ ಪೆರಿಯಾರರ ಅನುಯಾಯಿಗಳು ಆ ಫಲಕದ ವಿರುದ್ಧ ತಿಂಗಳುಗಟ್ಟಲೆ ಚಳವಳಿ ಹೂಡಬೇಕಾಯಿತು.

ಆ ಕಾಲದಲ್ಲಿ ನಿಧಾನವಾಗಿ ನಡೆದ ಒಂದು ಕ್ರಾಂತಿಗೆ ಕಾರಣವಾದುದು ಪುಣ್ಯವಲ್ಲ, ಬೆಲೆ. ಗಲ್ಲಾದ ಮೇಲೆ ಬಿದ್ದ ನಾಣ್ಯಕ್ಕೆ ಗೋತ್ರವಿರಲಿಲ್ಲ. ಧರ್ಮಾರ್ಥವಾಗಿ ಬಡಿಸುವವನು ಯಾರಿಗೆ ಬಡಿಸಬೇಕೆಂದು ಆರಿಸಿಕೊಳ್ಳಬಹುದಿತ್ತು. ಮಾರುವವನಾದರೋ ಬರುಬರುತ್ತಾ ಆ ಆಯ್ಕೆಯನ್ನು ಬಿಟ್ಟುಕೊಡಬೇಕಾಯಿತು. 1962ರಲ್ಲಿ ಕತೀಡ್ರಲ್ ರಸ್ತೆಯ ತೋಟಗಾರಿಕಾ ಸಂಘದ ಜಾಗದಲ್ಲಿ ತೆರೆದು 2008ರಲ್ಲಿ ಮುಚ್ಚಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ವಕೀಲರು, ಪತ್ರಕರ್ತರು, ಸಿನಿಮಾದವರು, ಕೆಲಸ ಹುಡುಕುವ ಹುಡುಗರು ಒಂದೊಂದು ಲೋಟ ಕಾಫಿಯನ್ನಿಟ್ಟುಕೊಂಡು ಮರಗಳ ನೆರಳಿನಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಿದ್ದರು. ಆ ಕಾಫಿಗೆ ಬೆಲೆಯಿತ್ತು, ಕುಳಿತ ಹೊತ್ತಿಗೆ ಇರಲಿಲ್ಲ. ಆದುದರಿಂದ ಹಣವು ಆತಿಥ್ಯವನ್ನು ಕೆಡಿಸುವುದೆಂಬ ಮಾತನ್ನು ನಾನು ಒಪ್ಪಲಾರೆ.

ಆದರೆ ಅದೇ ಬೆಲೆಯು ಒಂದು ಮಿತಿಯನ್ನು ದಾಟಿದೊಡನೆ ಮತ್ತೆ ಗೋಡೆಯಾಗುತ್ತದೆ. ಚೋಳರ ಹೆಸರನ್ನು ಧರಿಸಿದ ಸೌಧವನ್ನು ಕುರಿತು ಆಲೋಚಿಸುವಾಗ ನನಗೆ ಚೋಳರದೇ ಇನ್ನೊಂದು ಆತಿಥ್ಯ ನೆನಪಾಗುತ್ತದೆ. ಚೆನ್ನೈಯಿಂದ ಬಹುದೂರವೇನೂ ಅಲ್ಲದ ತಿರುಮುಕ್ಕೂಡಲಿನ ದೇಗುಲದಲ್ಲಿ ವೀರರಾಜೇಂದ್ರನ ಕಾಲದ, 1068ರ ಸುಮಾರಿನ ಶಾಸನವೊಂದಿದೆ. ಅಲ್ಲಿ ವಿದ್ಯಾರ್ಥಿಗಳ ಊಟವಸತಿಗಳ ಏರ್ಪಾಡು, ಹದಿನೈದು ಹಾಸಿಗೆಗಳ ಆತುರಶಾಲೆ, ಅದಕ್ಕೆ ವೈದ್ಯ, ಶಸ್ತ್ರಚಿಕಿತ್ಸಕ, ದಾದಿಯರು, ಶೇಖರಿಸಿಡಬೇಕಾದ ಔಷಧಗಳು, ರಾತ್ರಿ ಉರಿಯಬೇಕಾದ ದೀಪದ ಎಣ್ಣೆ, ಎಲ್ಲವೂ ಲೆಕ್ಕವಿಟ್ಟು ಕೆತ್ತಲ್ಪಟ್ಟಿವೆ. ಗ್ರ್ಯಾಂಡ್ ಚೋಳದ ಶಿಲ್ಪಿಗಳ ಕೌಶಲವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅವರು ತಂಜಾವೂರಿನ ಕಂಬಗಳಿಂದ ಕಲಿತಂತೆ ಅದನ್ನು ಕಟ್ಟಿಸಿದವರು ತಿರುಮುಕ್ಕೂಡಲಿನ ಗೋಡೆಯಿಂದಲೂ ಕಲಿಯಬಾರದೇಕೆ ಎಂಬುದು ನನ್ನ ವಿನಂತಿಪೂರ್ವಕವಾದ ಪ್ರಶ್ನೆ.

ಇನ್ನೊಂದು ತೊಡಕಿದೆ, ಅದು ಮೊದಲಿನದಕ್ಕಿಂತ ಆಳವಾದುದು. ಆರುನೂರು ಕೋಣೆಗಳ ಮನೆಯಲ್ಲಿ ಮನೆಯೊಡೆಯನಾರು? ಒಡೆತನವು ಸಾವಿರಾರು ಷೇರುದಾರರಲ್ಲಿ ಹಂಚಿಹೋಗಿದೆ; ಅವರಲ್ಲಿ ಒಬ್ಬನೂ ಬಾಗಿಲಿಗೆ ಬಂದು ಕೈಮುಗಿಯುವುದಿಲ್ಲ. ಕೈಮುಗಿಯುವ ಹುಡುಗಿಗಾದರೋ ಆ ಮನೆಯಲ್ಲಿ ಒಂದು ಬಟ್ಟಲೂ ಸ್ವಂತದ್ದಲ್ಲ. ಗೃಹಸ್ಥನು ತನ್ನದನ್ನು ಕೊಡುತ್ತಿದ್ದನು, ಇಲ್ಲಿ ಕೊಡುವವಳಿಗೆ ತನ್ನದೆಂಬುದು ಮುಖವೊಂದೇ. ತಿರುವಳ್ಳುವರ್ ಕುರಳಿನಲ್ಲಿ ಅತಿಥಿಸತ್ಕಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಅನ್ನಕ್ಕಿಂತಲೂ ಮಿಗಿಲಾಗಿ ಆ ಮುಖದ ಮೇಲೆಯೇ ಅದರ ಕೊನೆಯ ಮಾತನ್ನು ನಿಲ್ಲಿಸಿದ್ದಾನೆ. ಬಂದವರನ್ನು ಕುಶಲ ಕೇಳಿ ಕುಳ್ಳಿರಿಸುವುದರಿಂದ ನಿನಗೇನು ನಷ್ಟವೆಂದು ನಮ್ಮ ಬಸವಣ್ಣನವರು ಪ್ರಶ್ನಿಸಿದ್ದೂ ಇದನ್ನೇ ಕುರಿತು. ಹಾಗಾದರೆ ಅಲ್ಲಿ ನಿಜವಾದ ಆತಿಥೇಯಳು ಅವಳೇ, ಮತ್ತು ದೊಡ್ಡ ಹೋಟೆಲಿನ ದೊಡ್ಡತನವು ನಿಂತಿರುವುದೂ ಅವಳ ಮೇಲೆಯೇ. ಸಂಬಳಕ್ಕೆ ಕಲಿತ ನಗೆಯೂ ಒಮ್ಮೊಮ್ಮೆ ಯಾರೂ ಕಲಿಸದ ಕಡೆಗೆ ತಿರುಗುತ್ತದೆ: ಜ್ವರ ಬಂದ ಅಪರಿಚಿತನ ಕೋಣೆಗೆ ಕೇಳದೆಯೇ ಗಂಜಿ ಬಂದಾಗ ಆ ಗಂಜಿಯ ಬೆಲೆ ಬಿಲ್ಲಿನಲ್ಲಿ ಕಾಣಬಹುದು, ಕಳುಹಿಸಬೇಕೆಂದು ತೋಚಿದ ಮನಸ್ಸಿನ ಬೆಲೆ ಕಾಣದು. ಉಂಡು ಎದ್ದವನು ಬಡಿಸಿದವರನ್ನು ಹರಸುವ ರೂಢಿ ನಮ್ಮಲ್ಲಿ ಇಂದಿಗೂ ಪೂರ್ತಿ ಅಳಿದಿಲ್ಲವಷ್ಟೆ. ಹಣ ಕೊಟ್ಟವನಿಗೆ ಆ ಹರಕೆಯ ಹೊಣೆ ತಪ್ಪಿತೆಂದು ಯಾವ ಶಾಸ್ತ್ರವೂ ಹೇಳಿದ್ದನ್ನು ನಾನು ಕಂಡಿಲ್ಲ.