ಕಾನೂನು ಒಪ್ಪಿದ್ದೆಲ್ಲ ಒಳಿತೇ?



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ನನ್ನ ಬಳಿ ಬಂದು ಕಣ್ಣೀರಿಟ್ಟರು. ಅವರ ಮಗ ಕೆನಡಾದಲ್ಲಿ ಓದುತ್ತಿದ್ದಾನೆ. "ಫಾದರ್, ಗಾಂಜಾ ಸೇದುತ್ತೇನೆಂದು ಅವನೇ ಹೇಳಿದ. ಬೈದರೆ, 'ಇಲ್ಲಿ ಅಂಗಡಿಯಲ್ಲೇ ಮಾರುತ್ತಾರಮ್ಮ, ಸರ್ಕಾರವೇ ಒಪ್ಪಿದೆ' ಅನ್ನುತ್ತಾನೆ. ಏನು ಉತ್ತರ ಕೊಡಲಿ?" ಎಂದು ಕೇಳಿದರು. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿರುವ ಎಷ್ಟೋ ಮನೆಗಳಿಗೆ ಈ ಪ್ರಶ್ನೆ ಸೇರಿದ್ದು.

ಮಗ ಹೇಳಿದ್ದು ಸುಳ್ಳಲ್ಲ. 2018ರ ಅಕ್ಟೋಬರ್ 17ರಿಂದ ಕೆನಡಾದಲ್ಲಿ ವಯಸ್ಕರು ಗಾಂಜಾ ಕೊಳ್ಳುವುದು ಕಾನೂನುಬದ್ಧ. ಒಂಟಾರಿಯೊ ಪ್ರಾಂತ್ಯದಲ್ಲಿ ಪರವಾನಗಿ ಪಡೆದ ಖಾಸಗಿ ಅಂಗಡಿಗಳಿವೆ. ಕ್ವಿಬೆಕ್‌ನಲ್ಲಿ ಸರ್ಕಾರಿ ಮಳಿಗೆಗಳೇ ಮಾರುತ್ತವೆ. ಕೊಳ್ಳಲು ಹೆಚ್ಚಿನ ಪ್ರಾಂತ್ಯಗಳಲ್ಲಿ 19 ವರ್ಷ ತುಂಬಿರಬೇಕು, ಕ್ವಿಬೆಕ್‌ನಲ್ಲಿ 21. ಆದರೆ ಗಾಂಜಾ ಒಳ್ಳೆಯದೆಂದು ಆ ಸರ್ಕಾರ ಸಾರಲಿಲ್ಲ. ಕಳ್ಳಮಾರಾಟಗಾರರ ಕೈಯಿಂದ ವ್ಯಾಪಾರವನ್ನು ತಪ್ಪಿಸಬೇಕು, ಎಳೆಯರಿಂದ ಅದನ್ನು ದೂರವಿಡಬೇಕು ಎಂಬುದು ಅದರ ಉದ್ದೇಶ. ಆದ್ದರಿಂದಲೇ ಅಂಗಡಿಯ ಪೊಟ್ಟಣದ ಮೇಲೆಯೇ ಆರೋಗ್ಯದ ಎಚ್ಚರಿಕೆ ಅಚ್ಚಾಗಿರುತ್ತದೆ.

ಆ ಎಚ್ಚರಿಕೆಗೆ ಕಾರಣಗಳಿವೆ. ಮನುಷ್ಯನ ಮಿದುಳು ಸುಮಾರು 25ನೆಯ ವಯಸ್ಸಿನವರೆಗೂ ಬಲಿಯುತ್ತಿರುತ್ತದೆ. ಅದಕ್ಕೆ ಮೊದಲು ಪದೇ ಪದೇ ಸೇದುವವರ ನೆನಪಿನ ಶಕ್ತಿಗೂ ಕಲಿಕೆಗೂ ಪೆಟ್ಟು ಬೀಳಬಹುದು. ಬಳಸುವ ಹತ್ತು ಜನರಲ್ಲಿ ಸುಮಾರು ಮೂವರು ಅದನ್ನು ಹತೋಟಿಯಲ್ಲಿಡಲಾರದೆ ತೊಂದರೆಗೆ ಸಿಲುಕುತ್ತಾರೆಂದು ಅಮೆರಿಕದ ಆರೋಗ್ಯ ಇಲಾಖೆ ಅಂದಾಜು ಮಾಡಿದೆ. ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರಿಗೆ ಚಿತ್ತಭ್ರಮೆಯ ಅಪಾಯ ಇನ್ನೂ ಹೆಚ್ಚು. ಗಾಂಜಾ ಬೆರೆಸಿದ ಚಾಕೊಲೇಟು, ಮಿಠಾಯಿಗಳೂ ಅಲ್ಲಿ ಸಿಗುತ್ತವೆ. ಅವುಗಳ ಅಮಲು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಏನೂ ಆಗಲಿಲ್ಲವೆಂದು ಇನ್ನೊಂದು ತಿಂದವರು ಆಸ್ಪತ್ರೆ ಸೇರುತ್ತಾರೆ. ಸಿಹಿತಿಂಡಿಯೆಂದು ತಿಂದ ಪುಟ್ಟ ಮಕ್ಕಳೂ ಸೇರಿದ್ದಾರೆ.

ಕೊರಿಂಥದ ಕೆಲವರು ತಮಗೆ ಎಲ್ಲವೂ ಸಲ್ಲುತ್ತದೆಂದು ವಾದಿಸಿದಾಗ ಸಂತ ಪೌಲರು ಕಾನೂನಿನ ಮಾತೆತ್ತಲಿಲ್ಲ. ಇದರಿಂದ ಒಳಿತಾದೀತೇ? ಇದು ನನ್ನನ್ನು ದಾಸನನ್ನಾಗಿ ಮಾಡೀತೇ? ಇವೇ ಅವರ ಅಳತೆಗೋಲು. ನಮ್ಮ ದೇಹ ಪವಿತ್ರಾತ್ಮರ ದೇವಾಲಯವೆಂದು ಅವರು ಮುಂದೆಯೇ ನೆನಪಿಸುತ್ತಾರೆ. ವೈದ್ಯಕೀಯ ಚಿಕಿತ್ಸೆಗಲ್ಲದೆ ಮಾದಕವಸ್ತು ಬಳಸುವುದು ಗಂಭೀರ ಅಪರಾಧವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಮೋಜಿಗಾಗಿ ಬಳಸುವ ಮಾದಕವಸ್ತುವಿಗೆ ಕಾನೂನಿನ ಒಪ್ಪಿಗೆ ಕೊಡುವುದನ್ನು ಜಗದ್ಗುರು ಫ್ರಾನ್ಸಿಸ್ ಅವರು 2014ರ ಜೂನ್ ತಿಂಗಳಲ್ಲಿ ಸ್ಪಷ್ಟವಾಗಿ ವಿರೋಧಿಸಿದರು.

ಇನ್ನೊಂದು ಮಾತು. ರಜೆಗೆ ಊರಿಗೆ ಬರುವ ಮಗನ ಚೀಲದಲ್ಲಿ ಆ ಪೊಟ್ಟಣ ಇದ್ದರೆ ಕೆನಡಾದ ಗಡಿಯಲ್ಲೂ ಅದು ಅಪರಾಧ. ನಮ್ಮ ದೇಶದ 1985ರ ಮಾದಕವಸ್ತು ಕಾಯಿದೆಯಡಿಯಲ್ಲೂ ಅಪರಾಧ. ಇದನ್ನು ಅವನಿಗೆ ಮೊದಲೇ ತಿಳಿಸಿ.

ಆದರೆ ತಂದೆತಾಯಿಗಳೇ, ಪೊಲೀಸರ ಭಯದಿಂದ ಮಾತು ಆರಂಭಿಸಬೇಡಿ. ಆ ತಾಯಿಗೆ ನಾನು ಹೇಳಿದ್ದಿಷ್ಟು: "ಅಮ್ಮಾ, ಅವನು ನಿಮ್ಮಿಂದ ಮುಚ್ಚಿಡಲಿಲ್ಲ. ಆ ಬಾಗಿಲನ್ನು ನೀವಾಗಿ ಮುಚ್ಚಬೇಡಿ. ಊಟ ಸರಿಯಾಗಿದೆಯೇ, ರಾತ್ರಿ ನಿದ್ದೆ ಬರುತ್ತದೆಯೇ, ಯಾರ ಜೊತೆ ಇದ್ದೀಯ ಎಂದು ಕೇಳಿ." ಒಂಟಿತನ, ಸಾಲ, ಚಳಿಗಾಲದ ಕತ್ತಲೆ, ರಾತ್ರಿ ಪಾಳಿಯ ದುಡಿಮೆ - ಹೊಗೆಯ ಹಿಂದೆ ಇವು ಅಡಗಿರಬಹುದು. ದುಂದುಗಾರ ಮಗನ ತಂದೆ ದಾರಿ ಕಾಯುತ್ತಿದ್ದ. ದೂರದಲ್ಲಿ ಕಂಡೊಡನೆ ಓಡಿಹೋಗಿ ಅಪ್ಪಿಕೊಂಡ.

ನಮ್ಮನ್ನೂ ನಾವು ಪರೀಕ್ಷಿಸಿಕೊಳ್ಳೋಣ. ನಮ್ಮೂರಿನ ಮದ್ಯದಂಗಡಿಗೂ ಪರವಾನಗಿ ಇದೆ. ಅಲ್ಲಿಂದ ತಂದ ಬಾಟಲಿಯನ್ನು ಪ್ರತಿ ಸಂಜೆ ಮಕ್ಕಳೆದುರಿಗೇ ತೆರೆಯುವ ತಂದೆ ಮಗನಿಗೆ ಏನೆಂದು ಬುದ್ಧಿ ಹೇಳಿಯಾನು? ಮಗನ ವಾದವನ್ನು ಅವನು ನಮ್ಮ ಮನೆಯಲ್ಲೇ ಕಲಿತಿರಬಹುದು.

ಇಂದು ರಾತ್ರಿ ಜಪಸರ ಮುಗಿದ ಮೇಲೆ ದೂರದಲ್ಲಿರುವ ಮಗನಿಗೋ ಮಗಳಿಗೋ ಫೋನ್ ಮಾಡಿ. ಮೊದಲು ಅವರ ಮಾತು ಕೇಳಿ, ಆಮೇಲೆ ನಿಮ್ಮ ಮಾತು ಹೇಳಿ. ಮಾತೆ ಮರಿಯಮ್ಮನವರು ನಮ್ಮ ಮಕ್ಕಳನ್ನು ತಮ್ಮ ಸೆರಗಿನಡಿ ಕಾಯಲಿ.