ಹೂವಿನ ಮೂಲ

ಋಷಿಮೂಲ, ನದೀಮೂಲಗಳನ್ನು ಕೇಳಬಾರದೆಂದು ನಮ್ಮ ಹಿರಿಯರು ಹೇಳಿದರು. ಹೂವಿನ ಮೂಲದ ವಿಚಾರ ಎತ್ತಲಿಲ್ಲ. ಎತ್ತುವ ಪ್ರಸಂಗ ಅವರಿಗೆ ಬಂದಿರಲಾರದು. 2017ರಲ್ಲಿ ಯೂರೋಪು, ಅಮೆರಿಕಗಳಿಗೆ ಅದು ಬಂದಿತು. ಕಿತ್ತಳೆ ಬಣ್ಣದ ಹೂ ಬಿಡುವ ಕೆಲವು ಪೆಟೂನಿಯ ತಳಿಗಳನ್ನು, ಅವು ಹುಟ್ಟಿದ ರೀತಿಗೆ ಅನುಮತಿಯಿಲ್ಲವೆಂಬ ಕಾರಣದಿಂದ, ಮಾರುಕಟ್ಟೆಯಿಂದ ತೆಗೆಸಲಾಯಿತು. ಅಮೆರಿಕದಲ್ಲಿ ಅವನ್ನು ನಾಶಮಾಡಿರೆಂದೇ ಬೆಳೆಗಾರರಿಗೆ ಹೇಳಲಾಯಿತು.

ಪೆಟೂನಿಯಕ್ಕೆ ಕಿತ್ತಳೆ ಸಹಜವಲ್ಲ. ಹೂಗಳ ಕೆಂಪು, ನೇರಿಳೆ, ನೀಲಿಗಳಿಗೆ ಹೆಚ್ಚಾಗಿ ಕಾರಣವಾದ ಆಂಥೊಸಯನಿನ್ ಎಂಬ ವರ್ಣದ್ರವ್ಯ ಒಂದೇ ಸಲಕ್ಕೆ ಸಿದ್ಧವಾಗುವುದಿಲ್ಲ. ಬಣ್ಣಗಾರನ ಬಟ್ಟೆ ಒಂದು ಕಡಾಯಿಯಿಂದ ಇನ್ನೊಂದಕ್ಕೆ ಹೋಗುವಂತೆ, ಅದು ಒಂದು ಕಿಣ್ವದಿಂದ ಮತ್ತೊಂದರ ಕೈಗೆ ದಾಟುತ್ತಾ ಹೋಗಬೇಕು. ಒಂದೊಂದು ಕಿಣ್ವಕ್ಕೂ ಒಂದು ವಂಶವಾಹಿಯ ಅಪ್ಪಣೆ. ಪೆಟೂನಿಯದ ಒಂದು ಕಿಣ್ವಕ್ಕಂತೂ ಬಹಳ ಮಡಿ. ಕಿತ್ತಳೆಗೆ ಬೇಕಾದ ಕಚ್ಚಾ ದ್ರವ್ಯವನ್ನು ಅದು ಮುಟ್ಟುವುದೇ ಇಲ್ಲ. ಮುಸುಕಿನ ಜೋಳದಲ್ಲಿರುವ ಅದೇ ಕಿಣ್ವಕ್ಕೆ ಅಂಥ ಮಡಿವಂತಿಕೆಯಿಲ್ಲ. 1987ರಲ್ಲಿ ಜರ್ಮನಿಯ ಕಲೋನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಜೋಳದ ಆ ವಂಶವಾಹಿಯನ್ನು ಪೆಟೂನಿಯಕ್ಕೆ ಸೇರಿಸಿದರು. ಹೂ ಇಟ್ಟಿಗೆಗೆಂಪಾಗಿ ಅರಳಿತು. 1990ರಲ್ಲಿ ಅಂಥ ಸುಮಾರು 30,000 ಗಿಡಗಳನ್ನು ಬಯಲಿನಲ್ಲಿ ಬೆಳೆಸಿ ನೋಡಿದಾಗ, ದಿನ ಕಳೆದಂತೆ ಅನೇಕ ಹೂಗಳ ಬಣ್ಣ ಮಾಸಿತು. ವಂಶವಾಹಿ ಎಲ್ಲಿಗೂ ಹೋಗಿರಲಿಲ್ಲ, ಸುಮ್ಮನಾಗಿತ್ತು ಅಷ್ಟೆ. ಅಪ್ಪಣೆಯಿದ್ದರೂ ಕೆಲಸ ನಡೆಯದಿರುವುದು ನಮ್ಮ ಕಚೇರಿಗಳಲ್ಲಿ ಮಾತ್ರವಲ್ಲವೆಂದಾಯಿತು!

2015ರಲ್ಲಿ ಫಿನ್‌ಲೆಂಡಿನ ಸಸ್ಯವಿಜ್ಞಾನಿ ಟೀಮು ಟೀರಿ ಹೆಲ್ಸಿಂಕಿ ರೈಲು ನಿಲ್ದಾಣದ ಬಳಿಯ ಕುಂಡದಲ್ಲಿ ಕಿತ್ತಳೆ ಪೆಟೂನಿಯಗಳನ್ನು ಕಂಡರು. ಪರೀಕ್ಷಿಸಿದರೆ ಒಳಗೆ ಜೋಳದ ವಂಶವಾಹಿ!

ಈ ಹೂವಿನಿಂದ ಮನುಷ್ಯರಿಗಾಗಲಿ ಪರಿಸರಕ್ಕಾಗಲಿ ಅಪಾಯವಿಲ್ಲವೆಂದು ಅಮೆರಿಕದ ಕೃಷಿ ಇಲಾಖೆಯೇ ಹೇಳಿತು. ಆದರೂ ನಾಶಮಾಡಿಸಿತು. ಇದು ನ್ಯಾಯವೆ? ನಡತೆಯನ್ನು ನೋಡದೆ ಕುಲವನ್ನು ಕೇಳಿ ದಂಡಿಸಿದಂತೆ ಮೊದಲ ನೋಟಕ್ಕೆ ತೋರುತ್ತದೆ. ಆದರೆ ಅಪಾಯವಿಲ್ಲವೆಂಬುದು ಮಾರುವುದಕ್ಕೆ ಮುಂಚೆ ತಿಳಿಯಬೇಕಾದ ಮಾತು. ಹೂವೊಂದು ತಪ್ಪಿಸಿಕೊಂಡು ಬಂದದ್ದನ್ನು ನಕ್ಕು ಬಿಟ್ಟುಬಿಟ್ಟರೆ, ನಾಳೆ ಉಣ್ಣುವ ಕಾಳಿನ ಮೂಲವನ್ನು ಯಾವ ಮುಖದಿಂದ ಕೇಳುವುದು? ಆದ್ದರಿಂದ ನಿಯಮವನ್ನು ನಾನು ಒಪ್ಪುತ್ತೇನೆ. ಮನಸ್ಸು ಒಪ್ಪದಿರುವುದು ಬೇರೆಯದನ್ನು. ಸಸಿಗಳನ್ನು ಕಿತ್ತೆಸೆಯುವ ನಷ್ಟ, ಒಳಗೇನಿದೆಯೆಂದು ಅರಿಯದೆ, ಅರಿಯುವ ಸಾಧನವೂ ಇಲ್ಲದೆ ನೀರೆರೆದು ಬೆಳೆಸಿದವರ ಮೇಲೂ ಬಿದ್ದಿತು. ಅನುಮತಿ ಕೇಳಬೇಕಾಗಿದ್ದವರು ಅವರಲ್ಲ.

2021ರಲ್ಲಿ ಅದೇ ಇಲಾಖೆ ಈ ಪೆಟೂನಿಯಗಳನ್ನು ನಿಯಂತ್ರಣದಿಂದ ಬಿಡುಗಡೆ ಮಾಡಿತು. ಜೋಳದ ವಂಶವಾಹಿ ಅವುಗಳಲ್ಲಿ ಮೊದಲಿನಂತೆಯೇ ಇದೆ.