ಒಂದು ಲೋಟ ನೀರು ಮತ್ತು ನಮ್ಮ ಮನಸ್ಸಾಕ್ಷಿ



ಬೇಸಿಗೆ ಬಂತೆಂದರೆ ನಮ್ಮ ರಾಯಚೂರು ಸೀಮೆಯಲ್ಲಿ ಅಲ್ಲಲ್ಲಿ ಅರವಟ್ಟಿಗೆಗಳು ತೆರೆಯುತ್ತವೆ. ಬಿಸಿಲಲ್ಲಿ ಬಳಲಿ ಬಂದವರಿಗೆ ಜಾತಿ ಮತ ಕೇಳದೆ ನೀರು ಕೊಡುವುದು ಪುಣ್ಯವೆಂದು ಹಿರಿಯರು ನಂಬಿದ್ದರು. ಶುಭಸಂದೇಶವೂ ಒಂದು ಲೋಟ ತಣ್ಣೀರನ್ನು ಚಿಕ್ಕ ದಾನವೆಂದು ಎಣಿಸುವುದಿಲ್ಲ. ಆದರೆ ಕೊಟ್ಟ ನೀರೇ ಕುಡಿದವರ ಪ್ರಾಣಕ್ಕೆ ಎರವಾದರೆ ತಪ್ಪು ಯಾರದು?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. 2022ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಳದ ಕಲುಷಿತ ನೀರು ಕುಡಿದು ಅನೇಕರು ವಾಂತಿಭೇದಿಗೆ ತುತ್ತಾದರು, ಕೆಲವರು ಅಸುನೀಗಿದರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ತನಿಖೆಗೆ ಆದೇಶಿಸಿದರು. ಮರುವರ್ಷದ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಹತ್ತಾರು ಮಂದಿ ಅಸ್ವಸ್ಥರಾಗಿ, ಒಂದು ಮಗು ತೀರಿಕೊಂಡಿತು. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನಾಡಿಗೆ ಎಡೆದೊರೆ ಎಂಬುದು ಹಳೆಯ ಹೆಸರು. ಎರಡು ಹೊಳೆಗಳ ನಡುವೆ ಇದ್ದೂ ನೀರಿನಿಂದಲೇ ಸಾಯುವುದು ಎಂಥ ವಿಪರ್ಯಾಸ!

ಇಲ್ಲಿ ಯಾರೂ ಬೇಕೆಂದು ವಿಷ ಬೆರೆಸಿದ್ದಲ್ಲ. ನೀರು ಸದ್ದಿಲ್ಲದೆ ಕೆಡುತ್ತದೆ. ಹೊತ್ತು ಹೊತ್ತಿಗೆ ಮಾತ್ರ ನೀರು ಬಿಡುವ ಊರುಗಳಲ್ಲಿ, ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿದು, ಒಡೆದ ಕಡೆಯಿಂದ ಚರಂಡಿಯ ಹೊಲಸು ಒಳಸೇರುತ್ತದೆ. ಶುದ್ಧೀಕರಣ ಘಟಕದಲ್ಲಿ ಶುದ್ಧವಾಗಿದ್ದ ನೀರು ಮನೆಯ ನಳದಲ್ಲೂ ಶುದ್ಧವೆನ್ನಲಾಗದು. ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಅದು ಹೋಗದು. ಆದುದರಿಂದ ಗಿಲ್ಲೆಸುಗೂರಿನಿಂದ ಮಾನ್ವಿಯವರೆಗೆ ಯಾವ ಊರಿನಲ್ಲಾದರೂ ಕಣ್ಣು ನಾಲಿಗೆಗಳನ್ನು ನಂಬಿದರೆ ಸಾಲದು, ಪರೀಕ್ಷೆಯೇ ಆಗಬೇಕು.

ಅದಕ್ಕೊಂದು ಅಳತೆಗೋಲು ಇದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ-ಕೋಲೈ ರೋಗಾಣು ಕಾಣಬಾರದು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಆದರೆ ನಳದ ನೀರು ಪೂರೈಸುವ ಸಂಸ್ಥೆಗಳು ಇದನ್ನು ಪಾಲಿಸಲೇಬೇಕೆಂಬ ಕಾನೂನಿನ ಕಡ್ಡಾಯವಿಲ್ಲ. ಬಾಟಲಿಯ ನೀರಾದರೋ 2006ರ ಆಹಾರ ಸುರಕ್ಷತಾ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಅಸುರಕ್ಷಿತವಾದರೆ ಮಾರಿದವನಿಗೆ ಶಿಕ್ಷೆಯುಂಟು. ಹಣ ಕೊಟ್ಟು ಕುಡಿಯುವವನಿಗೆ ಕಾನೂನಿನ ಕಾವಲು. ನಳದ ಮುಂದೆ ಕೊಡ ಹಿಡಿದು ನಿಂತ ತಾಯಿಗೆ ಬರಿಯ ನಂಬಿಕೆ. ಇದು ನ್ಯಾಯವೇ?

ಮಾಡಬಾರದ್ದನ್ನು ಮಾಡುವುದು ಮಾತ್ರ ಪಾಪವಲ್ಲ, ಮಾಡಬೇಕಾದುದನ್ನು ಮಾಡದೆ ಬಿಡುವುದೂ ಪಾಪ. ಟ್ಯಾಂಕು ತೊಳೆಯದ ದಿನ, ಕ್ಲೋರಿನ್ ಅಳೆಯದೆ ಸಹಿ ಹಾಕಿದ ದಿನ ಯಾರೂ ಸಾಯದಿರಬಹುದು. ಹಾಗೆಂದೇ ಲೋಪವು ರೂಢಿಯಾಗುತ್ತದೆ. ಹತ್ತು ಕೈಗಳಲ್ಲಿ ಹಂಚಿಹೋದ ತಪ್ಪು ಯಾರದೂ ಅಲ್ಲವೆಂಬಂತೆ ತೋರುತ್ತದೆ. ಆದರೆ ಹಂಚಿಕೊಂಡ ಮಾತ್ರಕ್ಕೆ ಹೊಣೆ ಹಗುರಾಗದು. ಬಡ ನೀರಗಂಟಿಯೊಬ್ಬನನ್ನು ಕೆಲಸದಿಂದ ತೆಗೆದು ಪಿಲಾತನಂತೆ ಕೈತೊಳೆದುಕೊಳ್ಳುವುದು ಸುಲಭ. ಆತನಿಗೆ ಬ್ಲೀಚಿಂಗ್ ಪುಡಿ, ತರಬೇತಿ, ಸಂಬಳ ಸಕಾಲಕ್ಕೆ ತಲುಪಿದ್ದವೇ ಎಂದು ಕೇಳುವವರು ವಿರಳ.

ನಮ್ಮ ಪಾಲೂ ಇದರಲ್ಲಿದೆ. ಗುರುನಿವಾಸಕ್ಕೆ ಫಿಲ್ಟರ್ ಬಂದ ದಿನದಿಂದ ಬೀದಿಯ ನಳದ ನೀರು ಹೇಗಿದೆ ಎಂದು ವಿಚಾರಿಸುವುದನ್ನು ನಾನೂ ಬಿಟ್ಟೆ; ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಉಳ್ಳವರು ದೂರ ಸರಿದಂತೆ ನಳದ ಪರವಾಗಿ ಮಾತನಾಡುವವರೂ ಇಲ್ಲವಾಗುತ್ತಾರೆ.

2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದು ಹೇಳುತ್ತದೆ. ನಿಮ್ಮೂರಿನ ಆ ಐವರು ಯಾರು? ಕೊನೆಯ ಪರೀಕ್ಷೆ ಯಾವಾಗ ಆಯಿತು? ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೇ? ಈ ಮೂರು ಪ್ರಶ್ನೆಗಳನ್ನು ಕೇಳಲು ಹಣ ಬೇಕಿಲ್ಲ, ಅಧಿಕಾರ ಬೇಕಿಲ್ಲ. ನೀರು ಕೊಡುವುದು ದಯೆ. ಪರೀಕ್ಷಿಸಿ ಕೊಡುವುದು ನ್ಯಾಯ. ನ್ಯಾಯವಿಲ್ಲದ ದಯೆಯನ್ನು ಬಡವರ ಮಕ್ಕಳ ಲೋಟಕ್ಕೆ ಸುರಿಯದಿರೋಣ.